ಅಯ್ಯೋ ಹೊಳೆ! ಒಂದು ಒಡ್ಡಿನ ಚರಿತ್ರೆ

1/9
ಮೊದಲನೇ ಫೋಟೋ ನೋಡ್ರಿ. ಐಹೊಳೆ ದಂಡೆ, ಮಲಪ್ರಭಾ, ಮುಂಗಾರಿನ ಹೊಸ ನೀರು. ಫಿಲ್ಟರ್ ಹಾಕಿಲ್ಲ, ಬಣ್ಣ ಇದ್ದದ್ದೇ ಹಿಂಗ.

ಇಲ್ಲಿಗೆ ಬಂದ ಪ್ರವಾಸಿಗರಿಗೆಲ್ಲ ಹೇಳೋ ಕಥೆ ನಿಮಗೂ ಗೊತ್ತಿರ್ತದ. ಪರಶುರಾಮ ಕ್ಷತ್ರಿಯರನ್ನೆಲ್ಲ ಕೊಂದು ಬಂದು ಇಲ್ಲಿ ಕೊಡಲಿ ತೊಳೆದನಂತೆ. ನೀರು ಕೆಂಪಾಯ್ತಂತೆ. ನೀರಿಗೆ ಬಂದ ಹೆಣ್ಣುಮಗಳೊಬ್ಬಳು ಅದನ್ನ ನೋಡಿ "ಅಯ್ಯೋ ಹೊಳೆ!" ಅಂದಳಂತೆ. ಊರಿಗೆ ಅದೇ ಹೆಸರು ನಿಂತಿತಂತೆ. ಶಾಸನಗಳಲ್ಲಿ ಈ ಊರು ಅಯ್ಯಾವೊಳೆ, ಆರ್ಯಪುರ. ಹಾಗಾಗಿ ಕಥೆ ಹೆಸರಿನ ಆಮೇಲೆ ಹುಟ್ಟಿದ್ದು ಅಂತ ನಾವು ಬಿ.ಎ. ಹಿಸ್ಟರಿಯವರು ಮೀಸೆ ತಿರುವಬಹುದು. ಆದರೆ ಆ ಕಥೆ ಕಟ್ಟಿದವರು ಒಂದು ವಿಷಯ ಕಣ್ಣಾರೆ ಕಂಡಿದ್ದರು: ಈ ಹೊಳೆ ಕೆಂಪಾಗಿ ಹರೀತದ.

ಆ ಕೆಂಪು ರಕ್ತ ಅಲ್ಲ, ಮಣ್ಣು. ಯಾರದೋ ಹೊಲ ಅದು.

ಈ ಸಲ ಸೀರೀಸ್‌ನಾಗ ಗುಡಿ ಇಲ್ಲ, ಶಿಲ್ಪ ಇಲ್ಲ. ದುರ್ಗ ಗುಡಿ ಫೋಟೋ ಬೇಕಾದೋರು ಹಳೇ ಪೋಸ್ಟ್‌ಗೆ ಹೋಗ್ರಿ. ಈ ಒಂಬತ್ತು ಪೋಸ್ಟ್ ಮಣ್ಣಿನ ಚರಿತ್ರೆ. ಯಾಕ ಅಂದ್ರ, ಹೋದ ಬೇಸಿಗೆಯೊಳಗ ನಮ್ಮ ಮನೆಯವರೇ ಒಂದು ಚಾರಿತ್ರಿಕ ಸ್ಮಾರಕ ಕೆಡವಿದರು.

2/9
ಆ ಸ್ಮಾರಕ ಒಂದು ಒಡ್ಡು. ನಮ್ಮ ಮೇಲಿನ ಹೊಲಕ್ಕೂ ಕೆಳಗಿನ ಹೊಲಕ್ಕೂ ನಡುವೆ ಇತ್ತು. ಮುತ್ಯಾನ ಅಪ್ಪನ ಕಾಲದ್ದು. ಮೇಲೆ ಹುಲ್ಲು, ಎರಡು ಜಾಲಿ ಗಿಡ, ಒಂದು ಬದಿಗೆ ನೀರು ಹೊರಗೆ ಬೀಳಾಕ ಕಲ್ಲು ಜೋಡಿಸಿದ ಬಾಯಿ. ಒಡ್ಡಿನ ಮೇಲಿನ ಬದಿಯ ನೆಲ ಕೆಳಗಿನ ಬದಿಗಿಂತ ಎದೆಮಟ್ಟ ಎತ್ತರ ಇತ್ತು. ಚಿಕ್ಕಂದಿನಾಗ ಅಲ್ಲಿಂದ ಜಿಗಿದು ಆಡ್ತಿದ್ದಿವಿ. ಆ ಎತ್ತರ ಎಲ್ಲಿಂದ ಬಂತು ಅಂತ ಯಾವತ್ತೂ ಕೇಳಿರಲಿಲ್ಲ.

ಹೊಳೆಗೆ ಪಂಪ್‌ಸೆಟ್ ಹಾಕಿ ಪೈಪ್ ತಂದ ಮ್ಯಾಲೆ ಅಪ್ಪ ಕಬ್ಬು ಹಚ್ಚೋದು ಅಂದ. "ಒಡ್ಡು ಏನು ತಿನ್ನಾಕ ಬರ್ತೈತೇನು? ತೆಗೆದ್ರ ಎರಡು ಸಾಲು ಹೆಚ್ಚು ಬೀಳ್ತಾವ." ಜೆಸಿಬಿ ಬಂತು. ಅರ್ಧ ದಿನದ ಕೆಲಸ. ಎರಡೂ ಹೊಲ ಸೇರಿ ಒಂದೇ ಉದ್ದನೆ ಇಳಿಜಾರು ಆಯ್ತು. ಮುತ್ಯಾ ಕಟ್ಟೆ ಮೇಲೆ ಕೂತು ಒಂದೇ ಮಾತು ಅಂದ: "ನೀರಿಗೆ ದಾರಿ ಕೊಟ್ಟಿ. ಇನ್ನ ಅದು ಹೋಗೂ ಮುಂದ ಯಾರನ್ನ ಕರ್ಕೊಂಡು ಹೊಂಟೈತಿ ನೋಡು."

ಎರಡನೇ ಫೋಟೋ ಮೊದಲ ನೀರು ಬಿಟ್ಟ ದಿನದ್ದು. ಬೋದಿನ ನಡುವಿನ ಸಾಲಿನಾಗ ನೀರು ಓಡ್ತಿದ್ದ ಶಬ್ದ ರಸ್ತೆಗೆ ಕೇಳಿಸ್ತಿತ್ತು. ಸಂಜೆ ಹೊತ್ತಿಗೆ ಹಳೇ ಒಡ್ಡು ಇದ್ದ ಜಾಗದಾಗ ಮೊಣಕಾಲುದ್ದ ಕೊರಕಲು ಬಿದ್ದಿತ್ತು. ಮೇಲ್ಗಡೆ ಕಬ್ಬಿನ ತುಂಡುಗಳು ಹೊರಗೆ ಕಾಣ್ತಿದ್ದವು, ಕೆಳಗಿನ ತುದಿಯೊಳಗ ಅವೇ ತುಂಡು ಕೆಸರಿನಾಗ ಹೂತು ಹೋಗಿದ್ದವು. ಮಳೆ ಒಂದು ಹನಿ ಬಿದ್ದಿರಲಿಲ್ಲ ನೆನಪಿಡ್ರಿ. ಹೊಲ ಕೊಚ್ಚಿದ್ದು ನಾವೇ ದುಡ್ಡು ಕೊಟ್ಟು ಎತ್ತಿದ ನೀರು.

3/9
ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಮೇಗುತಿ ಗುಡ್ಡ ಹತ್ತಿದೋರು ಕೈ ಎತ್ತಿ. ಅಲ್ಲಿನ ಜೈನ ಬಸದಿಯ ಗೋಡೆ ಮೇಲೆ ರವಿಕೀರ್ತಿ ಬರೆಸಿದ ಶಾಸನ ಇದೆ, ಶಕ 556, ಅಂದ್ರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿ ಹರ್ಷನ ಹರ್ಷ ಇಳಿಸಿದ್ದು, ರವಿಕೀರ್ತಿ ತನ್ನನ್ನ ಕಾಳಿದಾಸ, ಭಾರವಿಗೆ ಹೋಲಿಸಿಕೊಂಡದ್ದು, ಇವೆಲ್ಲ ಪರೀಕ್ಷೆಗೆ ಬರ್ತಾವ. ಪರೀಕ್ಷೆಗೆ ಬರದ ಒಂದು ಕೆಲಸ ಹೇಳ್ತೀನಿ: ಶಾಸನ ಓದಿ ಆದಮೇಲೆ ಹಿಂದಕ್ಕೆ ತಿರುಗಿ ಕೆಳಗೆ ನೋಡ್ರಿ.

ಎರಡು ಬಣ್ಣ ಕಾಣ್ತಾವ. ಗುಡ್ಡದ ಬದಿಗೆ ಕೆಂಪು, ಮರಳುಗಲ್ಲು ಸವೆದು ಆದ ತೆಳು ನೆಲ. ನಾವು ಮಸಾರಿ, ಮಡ್ಡಿ ಅಂತೀವಲ್ಲ, ಅದು. ಕೆಳಗೆ ಹೊಳೆಯ ಕಡೆಗೆ ಕಪ್ಪು, ಎರೆ. ಚಾಲುಕ್ಯರಿಗೆ ಗುಡಿ ಕಟ್ಟಾಕ ಕಲ್ಲು ಕೆಂಪು ಕೊಟ್ಟಿತು, ಕಟ್ಟೋರ ಹೊಟ್ಟೆಗೆ ಜೋಳ ಕಪ್ಪು ಕೊಟ್ಟಿತು. ಪಟ್ಟದಕಲ್ಲಿನ ಹಳೇ ಹೆಸರೇ ಕಿಸುವೊಳಲ್, ಕೆಂಪು ಪಟ್ಟಣ. ಸುತ್ತಲಿನ ನಾಡಿಗೆ ಕಿಸುಕಾಡು ಎಪ್ಪತ್ತು ಅಂತ ಹೆಸರು. ಮಣ್ಣಿನ ಬಣ್ಣವನ್ನೇ ಆಡಳಿತದ ಹೆಸರು ಮಾಡಿಕೊಂಡ ಜನ ಅವರು. ದೂರದ ಊರುಗಳಲ್ಲಿ ವ್ಯಾಪಾರ ಮಾಡಿದ ಅಯ್ಯಾವೊಳೆ ಐನೂರ್ವರ ಬಗ್ಗೆ ನಾವು ಪುಟಗಟ್ಟಲೆ ಓದ್ತೀವಿ. ಅವರಿಗೆ ಅನ್ನ ಹಾಕಿದ ಎರೆ ಹೊಲಕ್ಕೆ ಸಿಲಬಸ್ಸಿನಾಗ ಒಂದು ಸಾಲೂ ಇಲ್ಲ.

4/9
ಎರೆಯ ಗುಟ್ಟು ತಿಳೀದೆ ಮುಂದಿನ ಕಥೆ ಅರ್ಥ ಆಗಲ್ಲ. ಬೋರ್ ಅನಿಸಿದರೂ ಈ ಪೋಸ್ಟ್ ಬಿಡಬ್ಯಾಡ್ರಿ.

ಎರೆಮಣ್ಣಿನಾಗ ಅರ್ಧದಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು, ಬರೀ ಜೇಡಿ. ಅದರಲ್ಲೂ ಮಾಂಟ್‌ಮೊರಿಲ್ಲೊನೈಟ್ ಅನ್ನೋ ಜಾತಿ. ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಬೇಸಿಗೆಯೊಳಗ ಕೋಲು ಇಳಿಯುವಷ್ಟು ಬಿರುಕು ಬೀಳ್ತಾವ, ಆಳದ ಎರೆಯಲ್ಲಿ ಒಂದು ಮೀಟರಿಗೂ ಕೆಳಕ್ಕೆ ಹೋಗ್ತಾವ. ಮೊದಲ ಮಳೆ ಆ ಬಿರುಕಿನಾಗ ಇಳಿದು ನೆಲದ ಹೊಟ್ಟೆಗೆ ಸೇರುತ್ತೆ. ಆಮೇಲೆ ಮಣ್ಣು ಉಬ್ಬಿ ಬಾಗಿಲು ಹಾಕಿಕೊಳ್ಳುತ್ತೆ. ಹಸಿ ಆದ ಎರೆ ತಾಸಿಗೆ ಕೆಲವೇ ಮಿಲಿಮೀಟರ್ ನೀರು ಒಳಗೆ ಬಿಡುತ್ತೆ, ಉಳಿದದ್ದು ಮೇಲೆ ಹರಿಯುತ್ತೆ. ನಮ್ಮ ಹಿರಿಯರು ಮುಂಗಾರಿನಾಗ ಹೊಲ ಖಾಲಿ ಬಿಟ್ಟು, ಕುಂಟೆ ಹೊಡೆದು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಬಿತ್ತಿದ್ದು ಸೋಮಾರಿತನದಿಂದ ಅಲ್ಲ. ನೆಲದ ಹೊಟ್ಟೆ ತುಂಬಲಿ ಅಂತ ಕಾಯ್ತಿದ್ದರು.

ಇನ್ನೊಂದು ಮಾತು. ಒಳ್ಳೆ ಮಣ್ಣು ಅಂದ್ರೆ ಪುಡಿ ಅಲ್ಲ. ಸಣ್ಣ ಸಣ್ಣ ಹರಳು, ಅವುಗಳ ನಡುವೆ ಗಾಳಿ, ನೀರು, ಬೇರು ಓಡಾಡೋ ಸಂದು. ಹರಳನ್ನ ಹಿಡಿದಿಡೋದು ಬೇರು, ಗೊಬ್ಬರ, ಮಣ್ಣಿನ ಜೀವಿಗಳ ಅಂಟು. ಈ ಕಟ್ಟಡಕ್ಕೆ ಮಣ್ಣಿನ ರಚನೆ ಅಂತಾರೆ. ಇಟ್ಟಿಗೆ ಅಷ್ಟೇ ಇದ್ದು ಕಟ್ಟಡ ಬಿದ್ದರೆ ಏನಾಗ್ತದೋ, ರಚನೆ ಹೋದ ಮಣ್ಣಿಗೂ ಅದೇ ಆಗ್ತದ.

ಮನೆಯಲ್ಲೇ ನೋಡಬಹುದು. ಎರಡು ಲೋಟದಾಗ ಮಳೆ ನೀರು ತಗೊಳ್ರಿ. ಒಂದರೊಳಗ ಹುಲ್ಲು ಬೆಳೆದ ಬದುವಿನ ಒಣ ಹೆಂಟೆ, ಇನ್ನೊಂದರೊಳಗ ವರ್ಷಗಟ್ಟಲೆ ನೀರುಣಿಸಿದ ಕಬ್ಬಿನ ಹೊಲದ ಒಣ ಹೆಂಟೆ. ಅಲ್ಲಾಡಿಸಬ್ಯಾಡ್ರಿ. ನಾನು ಮಾಡಿದಾಗ ಬದುವಿನದ್ದು ಮೆಲ್ಲಗೆ ಬಿರುಕು ಬಿಟ್ಟು ಹರಳಾಗಿ ಕೂತಿತು. ಕಬ್ಬಿನ ಹೊಲದ್ದು ಗಳಿಗೆಯೊಳಗ ಕುಸಿದು ಹರಡಿತು, ಸುತ್ತ ಹಾಲಿನಂಥ ಮಬ್ಬು. ಕುಸಿಯೋದು ಬೇರೆ, ಮಬ್ಬಾಗೋದು ಬೇರೆ. ಒಣ ಹೆಂಟೆಯೊಳಗ ಒಮ್ಮೆಲೇ ನೀರು ನುಗ್ಗಿದಾಗ ಒಳಗೆ ಸಿಕ್ಕ ಗಾಳಿ ಒತ್ತಡಕ್ಕೆ ಅದನ್ನ ಒಡೆಯುತ್ತೆ, ಅದು ಕುಸಿತ. ಮಬ್ಬು ಇನ್ನೂ ಕೆಟ್ಟ ಸುದ್ದಿ: ಜೇಡಿಯ ಕಣ ಕಣವೂ ಬಿಟ್ಟು ಹೋಗಿವೆ, ಸೋಡಿಯಂ ಸೇರಿದೆ ಅಂತ ಅನುಮಾನ ಪಡಬೇಕು. ಆಸ್ಟ್ರೇಲಿಯಾದ ಎಮರ್ಸನ್ ಅನ್ನೋ ವಿಜ್ಞಾನಿ 1967ರಲ್ಲಿ ಇದೇ ಲೋಟದ ಆಟವನ್ನ ಒಂದು ಪರೀಕ್ಷಾ ಪದ್ಧತಿಯಾಗಿ ಮಾಡಿದ. ಬೋರ್‌ವೆಲ್ ನೀರು ಬ್ಯಾಡ, ಅದರ ಉಪ್ಪು ಮಬ್ಬನ್ನ ಮುಚ್ಚಿಡುತ್ತೆ.

5/9
1876-78ರ ಬರ. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಅಂತ ಹೆಸರು. ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಇದೂ ಒಂದು. ಆ ನೆನಪಿನ ಭಯದಾಗೇ ಮುಂದಿನ ಅರವತ್ತು ವರ್ಷದ ಸರ್ಕಾರಿ ಕೆಲಸಗಳು ನಡೆದವು. 1933ರ ಸುಮಾರಿಗೆ ಒಣಬೇಸಾಯದ ಸಂಶೋಧನೆಗೆ ದೇಶದಲ್ಲಿ ಐದು ಕೇಂದ್ರ ಆದವು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ನಾಲ್ಕು ನಮ್ಮ ಎರೆ ಸೀಮೆಯವೇ! 1942ರಲ್ಲಿ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂತು. ಬರಗಾಲದ ಕಾಮಗಾರಿ ಅಂತ ಸಾವಿರಾರು ಕೂಲಿ ಜನ ಬಿಜಾಪುರ ಜಿಲ್ಲೆ ತುಂಬ ಸಮಪಾತಳಿ ಒಡ್ಡು ಹಾಕಿದರು.

ಮಡ್ಡಿಯೊಳಗ, ಮಸಾರಿಯೊಳಗ ಆ ಒಡ್ಡು ಚೆನ್ನಾಗಿ ನಿಂತವು. ಆಳದ ಎರೆಯಲ್ಲಿ ಒಡೆದವು. ಕಾರಣ ನಾಲ್ಕನೇ ಪೋಸ್ಟ್‌ನಲ್ಲೇ ಇದೆ: ನೀರು ಇಂಗಲ್ಲ, ಒಡ್ಡಿನ ಹಿಂದೆ ನಿಲ್ಲುತ್ತೆ, ಬೆಳೆ ಕೊಳೆಯುತ್ತೆ. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಡುತ್ತೆ, ಮುಂದಿನ ಮಳೆಗೆ ಆ ಬಿರುಕೇ ಬಾಗಿಲು. ಆಮೇಲೆ ವಿಜ್ಞಾನಿಗಳು ಎರೆಗೆ ಸ್ವಲ್ಪ ಇಳುಕಲು ಕೊಟ್ಟು, ಹೆಚ್ಚಿನ ನೀರು ಮೆಲ್ಲಗೆ ಹೊರಗೆ ಹೋಗೋ ಒಡ್ಡು ಹಾಕ್ರಿ ಅಂದರು. ಹೊಲದ ಒಳಗೆ ಸಣ್ಣ ಚೌಕ ಮಡಿ ಮಾಡ್ರಿ ಅಂದರು.

ನಮ್ಮ ಮುತ್ಯಾನ ಅಪ್ಪ ಅಕ್ಷರ ಕಲಿತವನಲ್ಲ. ಆದರೆ ಅವನ ಒಡ್ಡಿಗೆ ಕಲ್ಲಿನ ಬಾಯಿ ಇತ್ತಲ್ಲ? ನೀರು ಹೋಗಲಿ, ಮಣ್ಣು ಇಲ್ಲೇ ಕೂರಲಿ ಅನ್ನೋ ಲೆಕ್ಕ ಅದು. ಹುನಗುಂದದ ಕಡೆ ಹಳೇ ಹೊಲಗಳಲ್ಲಿ ಇಂಥ ಕಲ್ಲಿನ ಕೋಡಿ ಇನ್ನೂ ಅದಾವ, ಹೋಗಿ ನೋಡ್ರಿ. ಎದೆಮಟ್ಟದ ಆ ಎತ್ತರ ಮೂರು ತಲೆಮಾರು ತಡೆದು ಕೂರಿಸಿದ ಮಣ್ಣು. ನಾವು ಅದನ್ನ ಅರ್ಧ ದಿನದಾಗ ಬಿಡುಗಡೆ ಮಾಡಿದಿವಿ.

6/9
ಈಗ ನನಗೆ ಸಿಟ್ಟು ಬರಿಸಿದ ಭಾಗ.

ಪುಣೆ ಕಡೆ ನೀರಾ ಎಡದಂಡೆ ಕಾಲುವೆ 1885ರಲ್ಲಿ ಶುರುವಾಯ್ತು. ಅದೂ ಎರೆ ನೆಲ, ಅದೇ ಮುಂಬಯಿ ಪ್ರಾಂತ್ಯ. ಕಬ್ಬು ಬಂತು, ದುಡ್ಡು ಬಂತು, ಇಪ್ಪತ್ತೈದು ವರ್ಷ ತುಂಬೋದ್ರಾಗ ನೆಲ ಬೆಳ್ಳಗಾಯ್ತು. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್, ಅವರ ಜೊತೆ ತಮ್ಹಾನೆ, ಇಬ್ಬರೂ ಸೇರಿ 1910ರಲ್ಲಿ ನೀರಾ ಕಣಿವೆಯ ಉಪ್ಪು ನೆಲಗಳ ಬಗ್ಗೆ ಒಂದು ಸರ್ಕಾರಿ ಪುಸ್ತಿಕೆ ಬರೆದರು.

ನಡೆಯೋದು ಹಿಂಗ: ಮಳೆ ಕಡಿಮೆ ಇರೋ ಸೀಮೆಯಲ್ಲಿ ಕಲ್ಲು ಸವೆದು ಬಿಟ್ಟ ಉಪ್ಪು ನೆಲದ ಆಳದಲ್ಲಿ ಕೂತಿರುತ್ತೆ. ಕಾಲುವೆ ನೀರು ವರ್ಷವಿಡೀ ಇಳಿದರೆ ಅಂತರ್ಜಲ ಮೇಲಕ್ಕೆ ಬರುತ್ತೆ. ಬೇರಿನ ಹತ್ತಿರಕ್ಕೆ ಬಂದಾಗ ಜವಳು. ಅಲ್ಲಿಂದ ದೀಪದ ಬತ್ತಿ ಎಣ್ಣೆ ಎಳೆದಂಗ ಜೇಡಿ ಆ ನೀರನ್ನ ಮೇಲಕ್ಕೆ ಎಳೆಯುತ್ತೆ, ಬಿಸಿಲು ನೀರು ಕುಡಿದು ಉಪ್ಪು ಬಿಟ್ಟು ಹೋಗುತ್ತೆ. ಅದು ಸವಳು. ಆಮೇಲೆ ಮೂರನೇ ಹಂತ: ಮಳೆ ಬಂದು ಉಪ್ಪು ತೊಳೆದು ಹೋದರೂ ಸೋಡಿಯಂ ಜೇಡಿಗೆ ಅಂಟಿಕೊಂಡು ಉಳಿಯುತ್ತೆ. ಆಗ ಹರಳು ಬಿಚ್ಚಿಕೊಳ್ಳುತ್ತೆ, ಸಂದು ಮುಚ್ಚುತ್ತೆ, ನೆಲ ಒಣಗಿದ್ರೆ ಕಲ್ಲು, ತೊಯ್ದ್ರೆ ರಾಡಿ. ನೀರು ಒಳಗೆ ಹೋಗದೆ ಮೇಲೆ ಓಡುತ್ತೆ, ಓಡುವಾಗ ಬಿಡಿಬಿಡಿಯಾದ ಜೇಡಿಯನ್ನ ಹೊತ್ತುಕೊಂಡೇ ಹೋಗುತ್ತೆ. ಸವಳು-ಜವಳು ಒಂದು ರೋಗ, ಮಣ್ಣು ಕೊಚ್ಚೋದು ಇನ್ನೊಂದು ರೋಗ ಅಂತ ನಾನು ಅಂದುಕೊಂಡಿದ್ದೆ. ಒಂದೇ ಮನೆಯ ಅಣ್ಣತಮ್ಮಂದಿರು ಅವು.

ಜಗತ್ತಿಗೂ ಇದು ಹೊಸದಲ್ಲ. ಯಾಕೊಬ್ಸನ್, ಆಡಮ್ಸ್ ಅನ್ನೋ ಇಬ್ಬರು 1958ರಲ್ಲಿ ಒಂದು ಪ್ರಬಂಧ ಬರೆದು, ಸುಮೇರಿನ ಹೊಲಗಳು ಉಪ್ಪಾಗ್ತಾ ಬಂದಂತೆ ಗೋಧಿ ಹೋಗಿ ಬಾರ್ಲಿ ಉಳೀತು ಅಂತ ವಾದ ಮಾಡಿದರು. ಅದನ್ನ ಒಪ್ಪದ ವಿದ್ವಾಂಸರೂ ಇದ್ದಾರೆ, ಅವರ ಜಗಳ ಅವರಿಗಿರಲಿ. ನಮಗೆ 1910ರ ಪುಣೆ ಸಾಕಿತ್ತು.

7/9
ಸವದತ್ತಿ ಹತ್ತಿರ ನವಿಲುತೀರ್ಥ. 1970ರ ದಶಕದ ಶುರುವಿಗೆ ಅಲ್ಲಿ ಮಲಪ್ರಭೆಗೆ ಆಣೆಕಟ್ಟು ಎದ್ದಿತು. ರೇಣುಕಾ ಸಾಗರ, ಸುಮಾರು 37 ಟಿಎಂಸಿ ಅಡಿ ನೀರು, ಸುಮಾರು ಎರಡು ಲಕ್ಷ ಹೆಕ್ಟೇರಿಗೆ ನೀರಾವರಿ ಗುರಿ. ಮ್ಯಾನ್ ಪುಸ್ತಿಕೆ ಬಂದು ಅರವತ್ತು ವರ್ಷ ಆಗಿತ್ತು. ಕಾಲುವೆ ತೋಡಿದರು. ನೀರು ತರೋ ಕಾಲುವೆಗೆ ಇದ್ದ ಅವಸರ ನೀರು ಹೊರಗೆ ಹಾಕೋ ಬಸಿಗಾಲುವೆಗೆ ಇರಲಿಲ್ಲ.

1972ರಲ್ಲೇ ಧಾರವಾಡದಿಂದ ವರಲಕ್ಷ್ಮಿ ಹತ್ತಿ ಬಂತು, ಡಾ. ಕಟಾರ್ಕಿಯವರ ತಳಿ. ನರಗುಂದ, ನವಲಗುಂದ ಸೀಮೆಯಲ್ಲಿ ಬಿಳಿಜೋಳ ಬಿಟ್ಟು ಜನ ಹತ್ತಿಗೆ ಬಿದ್ದರು. ಕೆಲವು ವರ್ಷ ಬಂಗಾರ. ಆಮೇಲೆ ಬೆಲೆ ಬಿತ್ತು. ಅದೇ ಹೊತ್ತಿಗೆ ಸರ್ಕಾರ ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿದೆ ಅಂತ ಅಭಿವೃದ್ಧಿ ಕರ ಕೇಳಿತು. ಕೆಲವರ ಹೊಲಕ್ಕೆ ನೀರೇ ಮುಟ್ಟಿರಲಿಲ್ಲ, ಕೆಲವರ ಹೊಲದಾಗ ನೀರು ನಿಂತು ಜವಳಾಗಿತ್ತು. ಬೆಳೆ ಬಾರದ ನೆಲಕ್ಕೆ "ಸುಧಾರಿಸಿದ ಭೂಮಿ" ಅಂತ ನೋಟೀಸು! 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಗುಂಡೂರಾವ್ ಸರ್ಕಾರ ವಸೂಲಿ ನಿಲ್ಲಿಸಬೇಕಾಯ್ತು, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು, 1983ರಲ್ಲಿ ಸರ್ಕಾರವೇ ಹೋಯ್ತು.

ನಾವು ಇದನ್ನ ಕರ, ಪೊಲೀಸು, ರಾಜಕೀಯದ ಕಥೆಯಾಗಿ ಓದ್ತೀವಿ. ಅದು ಖರೇ. ಅದರ ಅಡಿಯಲ್ಲಿ ಒಂದು ಮಣ್ಣಿನ ಕಥೆನೂ ಐತಿ ಅಂತ ನನ್ನ ವಾದ. ಬಂಡಾಯ ಸ್ಮಾರಕಕ್ಕೆ ಹೋದಾಗ ವೀರಗಲ್ಲಿಗೆ ಕೈಮುಗಿದು, ಹಾಗೇ ಪಕ್ಕದ ಹೊಲದ ಮೂಲೆ ಬೆಳ್ಳಗಿದೆಯಾ ಅಂತಾನೂ ನೋಡ್ರಿ.

8/9
ಐಹೊಳೆ ಆಣೆಕಟ್ಟಿನ ಕೆಳಗಿದೆ. ನಮ್ಮ ಪಾಲಿಗೆ ಬಂದದ್ದು ಬಡವಾದ ಹೊಳೆ. ವರ್ಷದ ಹೆಚ್ಚಿನ ತಿಂಗಳು ನೀರಿಲ್ಲ ಅಂದಮೇಲೆ ದಂಡೆಯಷ್ಟೇ ಅಲ್ಲ, ಪಾತ್ರವೂ ಹೊಲ ಆಯ್ತು. ಕಬ್ಬು ಇಳೀತು, ಜಾಲಿ ಬೆಳೀತು, ಮೇಲಿನ ಹೊಲಗಳಿಂದ ಬಂದ ಮಣ್ಣು ಅಲ್ಲಲ್ಲೇ ಕೂತಿತು, ಹೊಳೆ ಕಿರಿದಾಯ್ತು. 2009ರ ಅಕ್ಟೋಬರ್ ಹೊತ್ತಿಗೆ, ಮತ್ತೆ 2019ರ ಆಗಸ್ಟ್‌ನಲ್ಲಿ ಹೊಳೆ ತನ್ನ ಹಳೇ ಅಗಲ ಕೇಳಿತು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಹೊಕ್ಕ ವಿಡಿಯೋ ನೀವೆಲ್ಲ ಶೇರ್ ಮಾಡಿದ್ರಿ. ಮಳೆ, ಆಣೆಕಟ್ಟಿನಿಂದ ಬಿಟ್ಟ ನೀರು, ಒತ್ತುವರಿ, ಎಲ್ಲವೂ ಕಾರಣ. ಆ ಪಟ್ಟಿಯಲ್ಲಿ ನಮ್ಮಂಥವರ ಹೊಲದಿಂದ ಹೋದ ಮಣ್ಣನ್ನೂ ಸೇರಿಸ್ಕೊಳ್ರಿ.

ಹುನಗುಂದ ತಾಲ್ಲೂಕಿನಲ್ಲೇ ಬೇರೆ ದಾರಿಯೂ ಹಿಡಿದು ನೋಡಿದರು. ರಾಮಥಾಳ ಯೋಜನೆಯಲ್ಲಿ ಕೃಷ್ಣೆಯ ನೀರೆತ್ತಿ, ಕಾಲುವೆಯಲ್ಲಿ ಹರಿಸದೆ ಪೈಪಿನಲ್ಲೇ ಕೊಂಡೊಯ್ದು, 24 ಸಾವಿರ ಹೆಕ್ಟೇರಿಗೆ ಹನಿ ನೀರಾವರಿ. ನೀರು ಸಾಲಿನಾಗ ಓಡಲ್ಲ, ಹಾಗಾಗಿ ಕೊಚ್ಚಲ್ಲ. ನೆಲ ತುಂಬಿ ಜವಳಾಗೋದೂ ಕಡಿಮೆ. ಆದರೆ ಹನಿ ನೀರಿಗೆ ಪೈಪು, ಫಿಲ್ಟರು, ದಿನಾ ನೋಡೋ ಕಣ್ಣು ಬೇಕು. ಕಾಲುವೆ ಒಡ್ಡಿಗೆ ಸನಿಕೆ ಸಾಕಾಗ್ತಿತ್ತು.

9/9
ನಮ್ಮ ಹೊಲಕ್ಕೆ ಬರ್ತೀನಿ. ಇಷ್ಟೆಲ್ಲ ಓದಿ ಮನೆಗೆ ಹೋಗಿ ಅಪ್ಪನ ಮುಂದೆ ಭಾಷಣ ಮಾಡಿದೆ. 1910, 1942, ಸುಮೇರು, ಏನೂ ಬಿಡಲಿಲ್ಲ. ಅಪ್ಪ ಉಂಡು ಕೈ ತೊಳೆದು, "ನಿನ್ನ ಫೀಸು ಕಟ್ಟಿದ್ದು ಆ ಕಬ್ಬೇ" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನೀರು ಬಂದಮೇಲೆ ನಮ್ಮ ಮನೆ ಸಾಲ ಇಳಿದದ್ದು ಸುಳ್ಳಲ್ಲ, ಮೂರು ವರ್ಷ ಮಳೆ ಕೈಕೊಟ್ಟಾಗ ಜೋಳದ ಹೊಲ ನೋಡ್ಕೊಂಡು ಅಪ್ಪ ಗೋವಾಕ್ಕೆ ದುಡಿಯಾಕ ಹೋಗಿದ್ದೂ ಸುಳ್ಳಲ್ಲ.

ಭಾಷಣ ಬಿಟ್ಟು ಎರಡು ಲೋಟ ಇಟ್ಟೆ. ಅಪ್ಪ ನೋಡಿಯೂ ನೋಡದಂಗ ಇದ್ದ. ಮಾರನೇ ದಿನ ಬೆಳಿಗ್ಗೆ ಕಬ್ಬಿನ ಹೊಲದ ಲೋಟ ಇನ್ನೂ ಮಬ್ಬೇ ಇತ್ತು. ಅವನೇ ಹೋಗಿ ಕೆಳಗಿನ ತುದಿಯ ಹೆಂಟೆ, ಆಮೇಲೆ ಮೇಲಿನ ತುದಿಯ ಹೆಂಟೆ ತಂದು ಮತ್ತೆರಡು ಲೋಟದಾಗ ಹಾಕಿದ. ಚಾ ಕುಡಿಯೋ ಲೋಟ ಅವು, ಅವ್ವ ಬೈದಳು.

ಕೊನೆಗೆ ಒಪ್ಪಂದ ಆಗಿದ್ದು ಇಷ್ಟು. ಕಬ್ಬು ಇರ್ತದ. ಒಂದು ಉದ್ದನೆ ಸಾಲಿಗೆ ನೀರು ಬಿಡೋ ಬದಲು ನಡುವೆ ಕಡಿದು ಗಿಡ್ಡ ಸಾಲು, ನೀರಿನ ಬಾಯಿ ಸಣ್ಣದು. ರವದಿ ಸುಡಂಗಿಲ್ಲ, ಸಾಲಿನಾಗೇ ಹಾಸೋದು. ಕೂಳೆ ತೆಗೆದ ವರ್ಷ ಸೆಣಬು ಬಿತ್ತಿ ಮಣ್ಣಿಗೆ ಸೇರಿಸೋದು. ಕೆಳಗಿನ ಮೂಲೆಯ ಮಣ್ಣನ್ನ ಪರೀಕ್ಷೆಗೆ ಕಳಿಸಿದಿವಿ, ಸೋಡಿಯಂ ಜಾಸ್ತಿ ಬಂದ್ರೆ ಜಿಪ್ಸಂ, ಮೊದಲು ಬಸಿಗಾಲುವೆ. ಒಡ್ಡು ಮತ್ತೆ ಹಾಕೋದು, ಅದೇ ಜಾಗದಾಗ, ಅಪ್ಪನ ಷರತ್ತಿನಂತೆ ಮೊದಲಿನ ಅರ್ಧ ಅಗಲ. ಎದೆಮಟ್ಟದ ಆ ಮಣ್ಣು ತಿರುಗಿ ಬರಲ್ಲ, ಅದು ಕೂಡಲಸಂಗಮ ದಾಟಿರಬೇಕು.

ಜೆಸಿಬಿ ಎತ್ತಿ ಬದಿಗೆ ಹಾಕಿದ ಕಲ್ಲಿನೊಳಗ ಹಳೇ ಬಾಯಿಯ ಕಲ್ಲು ಯಾವುವು ಅಂತ ಮುತ್ಯಾನಿಗೆ ಮಾತ್ರ ಗೊತ್ತು. ಬರೋ ಭಾನುವಾರ ಅವನನ್ನ ಗಾಡಿ ಮೇಲೆ ಕೂರಿಸ್ಕೊಂಡು ಹೋಗಿ ಆರಿಸ್ತೀವಿ. ಕ್ಲಾಸಿನೋರು ಯಾರು ಬರ್ತೀರಿ? ಬೆಳಿಗ್ಗೆ ಏಳಕ್ಕೆ ಐಹೊಳೆ ಬಸ್‌ಸ್ಟ್ಯಾಂಡ್. ರೊಟ್ಟಿ, ಶೇಂಗಾ ಚಟ್ನಿ ಅವ್ವ ಕಟ್ಟಿಕೊಡ್ತಾಳ, ನೀರಿನ ಬಾಟ್ಲಿ ನೀವೇ ತರ್ರಿ.

#ಐಹೊಳೆ #ಮಲಪ್ರಭಾ #ಎರೆಮಣ್ಣು #ನಮ್ಮೂರಚರಿತ್ರೆ